ಒಳ್ಳೆಯದಕ್ಕೆಂದು ಹೇಳಿದ ಸುಳ್ಳು

ಈಚೆಗೆ ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದೇ ದಿನ, ಒಂದೇ ಸಭಾಂಗಣದಲ್ಲಿ ಎರಡು ವಿಶೇಷ ಉಪನ್ಯಾಸಗಳಿದ್ದವು. ಬೆಳಿಗ್ಗೆ ಸಾಮಾಜಿಕ ಜಾಲತಾಣಗಳ ಪ್ರಭಾವದ ಬಗ್ಗೆ, ಮಧ್ಯಾಹ್ನ ಊಟವಾದ ಮೇಲೆ ಕ್ಲಿನಿಕಲ್ ಟ್ರಯಲ್ ಪ್ರಯೋಗಾಲಯವನ್ನು ನಡೆಸುವ ಬಗ್ಗೆ. ಮೊದಲನೆಯದು ಪತ್ರಿಕೋದ್ಯಮ ವಿಭಾಗದ್ದು, ಎರಡನೆಯದು ಸೂಕ್ಷ್ಮಜೀವಿಶಾಸ್ತ್ರದವರದ್ದು. ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನಗೆ ಎರಡರಲ್ಲೂ ಕೆಲಸವಿರಲಿಲ್ಲ. ವಾರ್ತಾಪತ್ರಕ್ಕೆ ಕನ್ನಡದಲ್ಲಿ ವರದಿ ಬರೆದುಕೊಡುವವರು ಬೇಕು ಎಂದಾಗ ನನ್ನ ಮಾರ್ಗದರ್ಶಕರು ನನ್ನ ಹೆಸರು ಕೊಟ್ಟುಬಿಟ್ಟಿದ್ದರು. ಹಾಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೂ ಮುಂದಿನ ಸಾಲಿನಲ್ಲಿ ಕೂತಿದ್ದೆ.

ಬೆಳಗಿನ ಉಪನ್ಯಾಸಕ್ಕೆ ಸಭಾಂಗಣ ತುಂಬಿತ್ತು. ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಚಾಟ್‌ಗಳಿಗೆ ಫಾರ್ವರ್ಡ್ ಮಾಡದಂತೆ 2018ರಲ್ಲಿ ವಾಟ್ಸಾಪ್ ಮೊದಲು ಮಿತಿ ಹಾಕಿದ್ದು ಭಾರತದಲ್ಲಿ ಎಂಬುದನ್ನು ಅಲ್ಲಿ ಕೇಳಿದೆ. ಸುಳ್ಳುಸುದ್ದಿ ನಂಬಿದ ಗುಂಪುಗಳು ಅಮಾಯಕರನ್ನು ಹೊಡೆದು ಕೊಂದ ವರ್ಷ ಅದು. ಉಪನ್ಯಾಸಕರು ಹೇಳಿದ ಒಂದು ಮಾತನ್ನು ಬರೆದುಕೊಂಡೆ. ಸಂದೇಶವನ್ನು ಜನ ನಂಬುವುದು ಅದರೊಳಗೆ ಏನಿದೆ ಎಂದು ನೋಡಿ ಅಲ್ಲ, ಕಳಿಸಿದವರು ಯಾರು ಎಂದು ನೋಡಿ.

ಮಧ್ಯಾಹ್ನದ ಉಪನ್ಯಾಸದಲ್ಲಿ ಅರ್ಧ ಕುರ್ಚಿಗಳು ಖಾಲಿ. ಆದರೆ ನನ್ನ ಪುಸ್ತಕ ತುಂಬಿದ್ದು ಆಗಲೇ. ರಕ್ತದ ಒಂದು ಸಣ್ಣ ನಳಿಕೆ ಪ್ರಯೋಗಾಲಯಕ್ಕೆ ಬಂದಾಗ ಅದರ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ಅದನ್ನು ಯಾರು ತಂದರು, ಎಷ್ಟು ಹೊತ್ತಿಗೆ ಶೀತಪೆಟ್ಟಿಗೆಗೆ ಹೋಯಿತು, ಯಾರು ಹೊರಗೆ ತೆಗೆದರು, ಎಲ್ಲಕ್ಕೂ ದಾಖಲೆ ಬೇಕು. ನಿಜವಾದ ಔಷಧಿ ಯಾರಿಗೆ ಸಿಕ್ಕಿದೆ ಎಂಬುದು ರೋಗಿಗೂ ಗೊತ್ತಿರುವುದಿಲ್ಲ, ನೋಡುವ ವೈದ್ಯರಿಗೂ ಗೊತ್ತಿರುವುದಿಲ್ಲ. ದಾಖಲೆ ಪುಸ್ತಕದಲ್ಲಿ ತಪ್ಪು ಬರೆದರೆ ಅದನ್ನು ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪು ಓದಲು ಸಿಗುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಕು ಹಾಕಬೇಕು. ಹಳೆಯ ಕಡತಗಳನ್ನು ಓದುವ ನಮ್ಮಂಥವರಿಗೆ ಇಂಥ ಗೆರೆ ಸಿಕ್ಕರೆ ಹಬ್ಬ.

ಕೊನೆಯಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: “ಸರ್, ನೀವು ಇಷ್ಟೆಲ್ಲ ಮಾಡ್ತೀರಿ. ಆಮೇಲೆ ನಮ್ಮೂರಲ್ಲಿ ಒಂದು ವಾಯ್ಸ್ ಮೆಸೇಜ್ ಬಂದ್ರೆ ಎಲ್ಲ ಮುಗೀತು. ಆಗ ಜನಕ್ಕೆ ಏನು ಹೇಳ್ಬೇಕು?” ಉಪನ್ಯಾಸಕರು ನಕ್ಕು, “ಇದನ್ನ ಬೆಳಗಿನವರನ್ನ ಕೇಳ್ಬೇಕಿತ್ತು” ಎಂದರು. ಸಭೆಯೂ ನಕ್ಕಿತು. ನಾನು ಪೆನ್ನು ಕೆಳಗಿಟ್ಟೆ. ಆ ಪ್ರಶ್ನೆಗೆ 2021ರಲ್ಲಿ ನಾನೇ ಒಂದು ಉತ್ತರ ಕೊಟ್ಟಿದ್ದೆ. ಅದು ಸುಳ್ಳು ಉತ್ತರವಾಗಿತ್ತು.

*

ಮಂಡ್ಯ ಕಡೆಯ ಹಳ್ಳಿಯಲ್ಲಿ ಕಬ್ಬು ಬೆಳೆಯುವ ನನ್ನ ಸೋದರಮಾವನಿಗೆ ಆಗ ಐವತ್ತೆಂಟು ವರ್ಷ. ಸಕ್ಕರೆ ಕಾಯಿಲೆ ಬೇರೆ. ಕೋವಿಡ್ ಎರಡನೇ ಅಲೆ ಊರೂರನ್ನೇ ನುಂಗುತ್ತಿದ್ದಾಗಲೂ ಮಾವ ಲಸಿಕೆ ಬೇಡವೆಂದು ಕೂತಿದ್ದರು. “ಸೂಜಿ ಹಾಕುಸ್ಕಂಡೋರು ಎರಡು ವರ್ಸಕ್ಕೆ ಹೊಂಟೋಯ್ತಾರಂತೆ ಕಣವ್ವ” ಎಂದು ಫೋನಿನಲ್ಲಿ ಹೇಳಿದರು. ನಾನು ಅಂಕಿ ಅಂಶ ಹೇಳಿದೆ, ಅಮ್ಮ ಅತ್ತಳು, ಅತ್ತೆ ಬೈದರು. ಯಾವುದೂ ನಾಟಲಿಲ್ಲ.

ಆಗ ನಮ್ಮ ಕುಟುಂಬದ ಗುಂಪಿಗೆ ಯಾರೋ ಒಂದು ಸಂದೇಶ ಹಾಕಿದರು. ಇಂಗ್ಲಿಷರಿಗಿಂತ ಸಾವಿರಾರು ವರ್ಷ ಮೊದಲೇ ನಮ್ಮ ಹಿರಿಯರು ಲಸಿಕೆ ಕಂಡುಹಿಡಿದಿದ್ದರು, ಧನ್ವಂತರಿಯ ಸಂಸ್ಕೃತ ಗ್ರಂಥದಲ್ಲೇ ಹಸುವಿನ ಸಿಡುಬಿನಿಂದ ಲಸಿಕೆ ಮಾಡುವ ವಿಧಾನವಿದೆ ಎಂದು ಅದರಲ್ಲಿತ್ತು. ಹತ್ತೊಂಬತ್ತನೇ ಶತಮಾನದ ಮೈಸೂರಿನ ಸಾಂಕ್ರಾಮಿಕ ರೋಗಗಳೇ ನನ್ನ ಸಂಶೋಧನೆಯ ವಿಷಯ. ಆ ಮಾತು ಸುಳ್ಳೆಂದು ಗೊತ್ತಿತ್ತು, ಅದು ಎಲ್ಲಿ ಹುಟ್ಟಿತು ಎಂಬುದೂ ಗೊತ್ತಿತ್ತು. ಆದರೂ ಅದನ್ನು ಮಾವನಿಗೆ ಕಳಿಸಿದೆ. ಕೆಳಗೆ “ಇದು ನಿಜ ಮಾವ, ನಾನೇ ಓದಿದ್ದೇನೆ” ಎಂದು ಬರೆದೆ.

ಮುಂದಿನ ವಾರವೇ ಮಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಸೂಜಿ ಹಾಕಿಸಿಕೊಂಡು ಬಂದರು. “ನಮ್ಮೋರೇ ಕಂಡಿಡ್ದಿದ್ದು ಅಂದ್ಮೇಲೆ ಇನ್ನೇನವ್ವ” ಎಂದರು. ನನಗೆ ಹೆಮ್ಮೆಯಾಯಿತು. ಅದನ್ನು ಸ್ನೇಹಿತರಿಗೆ ತಮಾಷೆಯಾಗಿ ಹೇಳಿಕೊಂಡೂ ತಿರುಗಿದೆ.

*

ಆ ಸುಳ್ಳಿಗೆ ಇನ್ನೂರು ವರ್ಷಗಳ ಇತಿಹಾಸವಿದೆ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿಗೆ ಗೋಸಿಡುಬಿನ ಕೀವು ಹಚ್ಚಿದ. ಕೆಲವು ವಾರಗಳ ನಂತರ ನಿಜವಾದ ಸಿಡುಬಿನ ಕೀವನ್ನೇ ಹಚ್ಚಿ ನೋಡಿದ. ಹುಡುಗನಿಗೆ ಸಿಡುಬು ಬರಲಿಲ್ಲ. ಇವತ್ತಿನ ಯಾವ ನೈತಿಕ ಸಮಿತಿಯೂ ಇಂಥ ಪ್ರಯೋಗಕ್ಕೆ ಒಪ್ಪಿಗೆ ಕೊಡಲಾರದು. 1802ರ ಜೂನ್ ತಿಂಗಳಲ್ಲಿ ಈ ಲಸಿಕೆ ಬಸ್ರಾ ಮಾರ್ಗವಾಗಿ ಮುಂಬಯಿಗೆ ಬಂತು. ಅಲ್ಲಿ ಅದನ್ನು ಮೊದಲು ಪಡೆದವಳು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು. ಅವಳ ತೋಳಿನ ಗುಳ್ಳೆಯಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ. ಹೀಗೆ ತೋಳಿನಿಂದ ತೋಳಿಗೆ ದಾಟುತ್ತಲೇ ಲಸಿಕೆ ದೇಶದೊಳಗೆ ನಡೆಯಿತು.

ನಮ್ಮಲ್ಲಿ ಸಿಡುಬು ಬರೀ ರೋಗವಾಗಿರಲಿಲ್ಲ, ಅದು ‘ಅಮ್ಮ’. ಮೈಮೇಲೆ ಬಂದ ಅಮ್ಮನನ್ನು ತಣ್ಣಗೆ ಮಾಡಿ ಕಳಿಸಿಕೊಡಬೇಕೇ ಹೊರತು ತಡೆಯುವುದುಂಟೇ? ಸಿಡುಬಿನ ಕೀವನ್ನೇ ಹಚ್ಚಿ ರೋಗವನ್ನು ಹಗುರವಾಗಿ ಬರಿಸುವ ಹಳೆಯ ಪದ್ಧತಿ ಭಾರತದ ಹಲವು ಕಡೆ ಇತ್ತು. ಆದರೆ ಹಸುವಿನಿಂದ ಬಂದದ್ದನ್ನು, ಅದೂ ಯಾವ ಜಾತಿಯವರೋ ಏನೋ, ಇನ್ನೊಬ್ಬರ ತೋಳಿನ ಕೀವನ್ನು ತನ್ನ ಮೈಗೆ ಸೇರಿಸಿಕೊಳ್ಳುವುದು ಬೇರೆ ಮಾತು. ನನ್ನ ಅಜ್ಜಿಯ ಕಾಲಕ್ಕೂ ‘ದಾಕು ಹಾಕುವವರು’ ಬಂದರೆಂದರೆ ಮಕ್ಕಳು ಅಟ್ಟ ಹತ್ತುತ್ತಿದ್ದರಂತೆ.

ಈ ಅಂಜಿಕೆಯನ್ನು ದಾಟಲು ನಡೆದ ಒಂದು ಪ್ರಯತ್ನ ನಮ್ಮ ಮೈಸೂರಿನದೇ. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೂವರು ಹೆಂಗಸರ ಚಿತ್ರ ಬರೆದ. ಬಹಳ ಕಾಲ ಅವರನ್ನು ನರ್ತಕಿಯರೆಂದೇ ತಿಳಿಯಲಾಗಿತ್ತು. ಅವರು ಮೈಸೂರು ಅರಮನೆಯ ರಾಣಿಯರು, ಚಿತ್ರ ಇರುವುದೇ ಲಸಿಕೆಯ ಪ್ರಚಾರಕ್ಕೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದರು. ಬಲಗಡೆ ನಿಂತವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ಅವರು ಸೀರೆಯ ಸೆರಗನ್ನು ಸರಿಸಿ ತೋಳಿನ ಕಡೆ ಬೆರಳು ತೋರಿಸುತ್ತಿದ್ದಾರೆ. ದಾಕು ಹಾಕಿಸಿಕೊಂಡ ಜಾಗ ಅದು ಎನ್ನುತ್ತಾರೆ ಚಾನ್ಸಲರ್. ಎಡಗಡೆಯ ರಾಣಿಯ ಮೂಗು ಬಾಯಿಯ ಸುತ್ತ ಚರ್ಮ ಬಣ್ಣಗೆಟ್ಟಿದೆ, ಅದು ಹಳೆಯ ಪದ್ಧತಿಯ ಗುರುತಿರಬಹುದು. ನಡುವೆ ಇರುವವರು ಸಿಡುಬಿನಿಂದಲೇ ಗಂಡನನ್ನು ಕಳೆದುಕೊಂಡ ಹಿರಿಯ ರಾಣಿ ಲಕ್ಷ್ಮಮ್ಮಣ್ಣಿ. ದೇವಾಜಮ್ಮಣ್ಣಿಯವರು ಲಸಿಕೆ ಪಡೆದದ್ದನ್ನು ಕಂಡು ಜನ ಮುಂದೆ ಬಂದರೆಂದು 1806ರ ಕಂಪನಿಯ ದಾಖಲೆಯೊಂದು ಹೇಳುತ್ತದೆ.

ಬೆಳಗಿನ ಉಪನ್ಯಾಸಕರು ‘ಇನ್‌ಫ್ಲುಯೆನ್ಸರ್’ಗಳ ಬಗ್ಗೆ ಅರ್ಧ ಗಂಟೆ ಮಾತಾಡಿದಾಗ ನನ್ನ ಕಣ್ಣ ಮುಂದಿದ್ದದ್ದು ಈ ಚಿತ್ರ. ಚಾನ್ಸಲರ್ ಓದಿದ್ದು ಸರಿಯಾಗಿದ್ದರೆ ಇದೂ ಪ್ರಚಾರವೇ, ಆದರೆ ಇದರಲ್ಲಿ ಸುಳ್ಳಿಲ್ಲ. ರಾಣಿ ನಿಜವಾಗಿ ದಾಕು ಹಾಕಿಸಿಕೊಂಡಿದ್ದಾರೆ, ಅದನ್ನೇ ತೋರಿಸುತ್ತಿದ್ದಾರೆ.

ಎರಡನೆಯ ಪ್ರಯತ್ನ ಮದರಾಸಿನದು. ಎಫ್. ಡಬ್ಲ್ಯು. ಎಲ್ಲಿಸ್ ಎಂಬ ಅಧಿಕಾರಿಯ ಹೆಸರನ್ನು ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಕೇಳಿರುತ್ತಾರೆ. ಕನ್ನಡ, ತೆಲುಗು, ತಮಿಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ಬೇರೆಯೇ ಒಂದು ಕುಟುಂಬ ಎಂದು 1816ರಲ್ಲೇ, ಕಾಲ್ಡ್‌ವೆಲ್‌ಗಿಂತ ನಲವತ್ತು ವರ್ಷ ಮುಂಚೆ, ಬರೆದವನು. ‘ಎಜುರ್ವೇದಂ’ ಎಂಬ ನಕಲಿ ವೇದದ ಬಣ್ಣ ಬಯಲು ಮಾಡಿದವನೂ ಅವನೇ. ಅಂಥವನೇ ಸಿಡುಬಿನ ದೇವಿಯನ್ನು ಪಾತ್ರವಾಗಿಸಿ ಗೋಸಿಡುಬಿನ ಮಹಿಮೆ ಹೇಳುವ ಪುರಾಣದ ಧಾಟಿಯ ತಮಿಳು ಕೃತಿಯೊಂದನ್ನು ಕಟ್ಟಿದ. ಜನರ ಜೀವ ಉಳಿಯಲಿ ಎಂಬುದೇ ಉದ್ದೇಶ.

1819ರ ಜನವರಿಯಲ್ಲಿ ‘ಮದ್ರಾಸ್ ಕೊರಿಯರ್’ ಪತ್ರಿಕೆಗೆ ‘ಕಲ್ವಿ ವಿರುಂಬೋನ್’, ಅಂದರೆ ವಿದ್ಯೆಯನ್ನು ಬಯಸುವವನು, ಎಂಬ ಹೆಸರಿನಲ್ಲಿ ಒಂದು ಪತ್ರ ಬಂತು. ಧನ್ವಂತರಿಯದೆನ್ನಲಾದ ಹಳೆಯ ಸಂಸ್ಕೃತ ಗ್ರಂಥವೊಂದರಲ್ಲಿ ಲಸಿಕೆಯ ವಿವರವಿದೆ ಎಂದು ಅದು ಹೇಳಿತು. ಹಸುವಿನ ಕೆಚ್ಚಲಿನ ಗುಳ್ಳೆಯಿಂದಾಗಲಿ, ಮನುಷ್ಯನ ಭುಜ ಮೊಣಕೈಗಳ ನಡುವಿನ ಗುಳ್ಳೆಯಿಂದಾಗಲಿ ರಸ ತೆಗೆದು, ಶಸ್ತ್ರದ ಮೊನೆಯಿಂದ ತೋಳಿಗೆ ಸೇರಿಸಬೇಕು ಎಂಬ ಆ ವಿವರ ಜೆನ್ನರನ ಪದ್ಧತಿಯನ್ನೇ ಹೋಲುತ್ತಿತ್ತು. ಮಾತು ಯುರೋಪಿನ ವೈದ್ಯಕೀಯ ಪುಸ್ತಕಗಳಿಗೂ ಸೇರಿತು. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರು. ಮೂಲ ಶ್ಲೋಕವನ್ನು ಹುಡುಕಿ ತೋರಿಸಿದವರಿಲ್ಲ. 1987ರಲ್ಲಿ ಸಂಸ್ಕೃತ ವಿದ್ವಾಂಸ ಡೊಮಿನಿಕ್ ವುಯಸ್ಟಿಕ್ ಈ ಕಥೆಯ ಬೇರನ್ನು ಅಗೆದು ನೋಡಿ, ಇದು ಪುಣ್ಯಕ್ಕೆಂದು ಮಾಡಿದ ವಂಚನೆ ಎಂದು ತೀರ್ಮಾನಿಸಿದರು. ನಾನು ಆ ಲೇಖನವನ್ನು ಎಂ.ಎ. ಓದುವಾಗಲೇ ಓದಿದ್ದೆ. 2021ರಲ್ಲಿ ನಾನು ಮಾವನಿಗೆ ಕಳಿಸಿದ್ದು ಅದೇ 1819ರ ಪತ್ರದ ಮರಿಮೊಮ್ಮಗನನ್ನು.

*

ಸುಳ್ಳಿನ ಕಥೆ ಇಷ್ಟಾದರೆ ಲೆಕ್ಕದ ಕಥೆ ಬೇರೆ ಇದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ವಾಲ್ಡೆಮಾರ್ ಹಾಫ್‌ಕಿನ್ ಕೆಲವೇ ತಿಂಗಳಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಮುಂದೆ ಬಂದ ಕೈದಿಗಳಿಗೆ, ಸುಮಾರು ಅರ್ಧದಷ್ಟು ಜನಕ್ಕೆ, ಲಸಿಕೆ ಹಾಕಿ ಉಳಿದವರ ಜೊತೆ ಹೋಲಿಸಿ ನೋಡಿದ. ಕೈದಿಯ ಒಪ್ಪಿಗೆ ಎಷ್ಟು ಒಪ್ಪಿಗೆ ಎಂಬ ಪ್ರಶ್ನೆ ಇದ್ದೇ ಇದೆ. ಆದರೂ ಹೋಲಿಕೆ ಎಂಬುದು ಅಲ್ಲಿತ್ತು.

ಪ್ಲೇಗಿನ ಜೊತೆಗೇ ಗಾಳಿಮಾತೂ ಬಂತು. ಆಸ್ಪತ್ರೆಗೆ ಒಯ್ದವರನ್ನು ಕೊಂದು ಮೈಯಿಂದ ಎಣ್ಣೆ ತೆಗೆಯುತ್ತಾರೆ ಎಂಬ ಸುದ್ದಿ ಮುಂಬಯಿಯಲ್ಲಿ ಹರಡಿತು. 1896ರ ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ನುಗ್ಗಿದರು. ನಮ್ಮ ಸಂಸ್ಥಾನದ ಗಂಜಾಂನಲ್ಲೂ 1898ರಲ್ಲಿ ಜನ ದಂಗೆ ಎದ್ದರು. ಇದನ್ನೆಲ್ಲ ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಆದರೆ ಸಿಪಾಯಿಗಳು ಮನೆಗೆ ನುಗ್ಗಿ, ಹೆಂಗಸರ ಕಂಕುಳು ತೊಡೆಸಂದುಗಳಲ್ಲಿ ಗಂಟು ಹುಡುಕಿ, ಸಾಮಾನು ಸುಟ್ಟು, ಮನೆಯವರನ್ನು ಬೇರೆಬೇರೆ ಕಡೆ ಒಯ್ಯುತ್ತಿದ್ದ ಕಾಲವದು. ಸರ್ಕಾರ ನಿಜ ಹೇಳುತ್ತದೆ ಎಂದು ನಂಬಲು ಜನರಿಗೆ ಕಾರಣವಿರಲಿಲ್ಲ. ಗಾಳಿಮಾತು ಬೆಳೆಯುವುದೇ ಅಂಥ ನೆಲದಲ್ಲಿ.

ಅದೇ 1898ರಲ್ಲಿ ಹುಬ್ಬಳ್ಳಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಆ ಊರಿನ ಹತ್ತಾರು ಸಾವಿರ ಜನರಿಗೆ ಹಾಫ್‌ಕಿನ್ನನ ಲಸಿಕೆ ಹಾಕಲಾಯಿತು. ಹಾಕಿಸಿಕೊಂಡವರೆಷ್ಟು, ಹಾಕಿಸಿಕೊಳ್ಳದವರೆಷ್ಟು, ಎರಡೂ ಕಡೆ ಸತ್ತವರೆಷ್ಟು ಎಂದು ವಾರವಾರವೂ ಬರೆದಿಟ್ಟರು. ಆ ಲೆಕ್ಕದ ಪಟ್ಟಿ ಮುಂದೆ ಜಗತ್ತಿನ ವೈದ್ಯಕೀಯ ಚರ್ಚೆಗಳಲ್ಲಿ ಬಳಕೆಯಾಯಿತು. ಇವತ್ತಿನ ಕಣ್ಣಿಗೆ ಅದರಲ್ಲಿ ದೋಷಗಳಿವೆ. ಯಾರಿಗೆ ಲಸಿಕೆ, ಯಾರಿಗಿಲ್ಲ ಎಂಬುದು ಚೀಟಿ ಎತ್ತಿ ಆದದ್ದಲ್ಲ. ಆದರೆ ದೋಷ ಕಾಣುವುದೂ ಲೆಕ್ಕ ಇರುವುದರಿಂದಲೇ.

ಲೆಕ್ಕವಿದ್ದ ಮಾತ್ರಕ್ಕೆ ದುರಂತ ತಪ್ಪುವುದಿಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಈ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ ಹತ್ತೊಂಬತ್ತು ಜನಕ್ಕೂ ಚುಚ್ಚಿದ್ದು ಒಂದೇ ಬಾಟಲಿಯಿಂದ, ಅದರ ಸಂಖ್ಯೆ 53-ಎನ್. ತಪ್ಪು ಮುಂಬಯಿಯ ಪ್ರಯೋಗಾಲಯದ್ದೆಂದು ಹಾಫ್‌ಕಿನ್ನನನ್ನು ಹುದ್ದೆಯಿಂದ ಕೆಳಗಿಳಿಸಿದರು. ಆದರೆ ಹಳ್ಳಿಯಲ್ಲಿ ಬಾಟಲಿಯ ಬಿರಡೆ ತೆಗೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಮತ್ತೆ ಬಳಸಿದ್ದರು ಎಂಬುದು ವಿಚಾರಣೆಯ ದಾಖಲೆಯಲ್ಲೇ ಇತ್ತು. ಅದನ್ನು ಹಿಡಿದು ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ವಾದಿಸಿದ ಮೇಲೆ, 1907ರಲ್ಲಿ ಅವನು ನಿರ್ದೋಷಿಯಾದ. ಸತ್ತವರು ತಿರುಗಿ ಬರಲಿಲ್ಲ. ಆದರೆ ಯಾವ ಬಾಟಲಿ, ಯಾರು ತೆರೆದರು, ಏನು ಕೆಳಗೆ ಬಿತ್ತು ಎಂಬುದನ್ನು ಯಾರೋ ಬರೆದಿಟ್ಟಿದ್ದರಿಂದ ನಿಜ ಉಳಿಯಿತು. ಮಧ್ಯಾಹ್ನದ ಉಪನ್ಯಾಸಕರು ನಳಿಕೆಯ ಸಂಖ್ಯೆ, ತೆರೆದವರ ಸಹಿ ಎಂದು ಒತ್ತಿ ಒತ್ತಿ ಹೇಳುತ್ತಿದ್ದಾಗ ನನಗೆ ಕಂಡದ್ದು ಈ ಬಾಟಲಿ.

ಆಮೇಲಿನದು ಬಹುಮಂದಿಗೆ ಗೊತ್ತಿರುವ ಕಥೆ. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ ಹೊರಬಂತು. ಕಾಕತಾಳೀಯವೆಂಬಂತೆ ಅಲ್ಲಿದ್ದ ರೋಗಿಗಳೂ 107. ಯಾರಿಗೆ ಔಷಧಿ ಎಂಬುದನ್ನು ವೈದ್ಯರ ಮನಸ್ಸಿಗೆ ಬಿಡದೆ, ಮುಚ್ಚಿದ ಲಕೋಟೆಗಳ ಮೂಲಕ ನಿರ್ಧರಿಸಿದರು. 1956ರಲ್ಲಿ ಮದರಾಸಿನಲ್ಲಿ ಶುರುವಾದ ಪರೀಕ್ಷೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬಡವರ ಇಕ್ಕಟ್ಟಾದ ಮನೆಯಲ್ಲೇ ಮಾತ್ರೆ ಕೊಟ್ಟರೂ ಕ್ಷಯರೋಗಿಗಳು ಸ್ಯಾನಟೋರಿಯಮ್ಮಿನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ, ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವಿಲ್ಲ ಎಂದು 1959ರಲ್ಲಿ ಅದು ತೋರಿಸಿತು. ಜಗತ್ತಿನ ಕ್ಷಯಚಿಕಿತ್ಸೆಯೇ ಬದಲಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 2009ರಿಂದ ನಮ್ಮ ದೇಶದಲ್ಲಿ ಪ್ರತಿ ಔಷಧ ಪರೀಕ್ಷೆಯನ್ನೂ ಶುರುಮಾಡುವ ಮೊದಲೇ ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸಬೇಕು. ಫಲಿತಾಂಶ ಇಷ್ಟವಾಗದಿದ್ದರೆ ಪರೀಕ್ಷೆಯೇ ನಡೆದಿಲ್ಲವೆಂದು ಸುಮ್ಮನಾಗುವಂತಿಲ್ಲ.

ಲಕೋಟೆ, ಸಂಖ್ಯೆ, ನೋಂದಣಿ, ಗೆರೆ ಎಳೆದ ತಪ್ಪು, ಇವೆಲ್ಲದರ ಹಿಂದೆ ಇರುವುದು ಒಂದೇ ತಿಳಿವಳಿಕೆ. ಒಳ್ಳೆಯ ಮನಸ್ಸಿನವರೂ ತಮಗೆ ಬೇಕಾದ್ದನ್ನೇ ಕಾಣುತ್ತಾರೆ, ಆದ್ದರಿಂದ ಯಾರ ಒಳ್ಳೆಯತನವನ್ನೂ ಪುರಾವೆಯೆಂದು ಒಪ್ಪಬೇಡಿ. ಫಾರ್ವರ್ಡ್ ಸಂದೇಶ ಇದಕ್ಕೆ ಸರಿಯಾಗಿ ತಿರುಗುಮುರುಗು. ಅಲ್ಲಿ ಪುರಾವೆ ಎಂದರೆ ಕಳಿಸಿದವರ ಮೇಲಿನ ಪ್ರೀತಿ. ನಾನು ಬಳಸಿಕೊಂಡದ್ದು ಅದನ್ನೇ.

*

ಹೋದ ವರ್ಷ ಮಾವ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದರು. ಯಾವುದೋ ತಾಳೆಗರಿಯಲ್ಲಿ ಸಿಕ್ಕಿದ್ದೆಂದು ಬಂದ ಕಷಾಯದ ಸಂದೇಶ ನೋಡಿ ಅದನ್ನೇ ಕುಡಿಯತೊಡಗಿದ್ದರು. ಯಾರಿಗೂ ಹೇಳಿರಲಿಲ್ಲ. ಗದ್ದೆಯಲ್ಲಿ ಕಾಲಿಗೆ ಕೂಳೆ ಚುಚ್ಚಿದ್ದು ಮಾಯಲಿಲ್ಲ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಎರಡು ಬೆರಳು ತೆಗೆಯಬೇಕಾಯಿತು. ನೋಡಲು ಹೋದಾಗ ನಾನು ರೇಗಿದೆ. ಮಾವ ಬೇಸರವಿಲ್ಲದೆ ಹೇಳಿದರು: “ನೀನೇ ಅಲ್ವೇನವ್ವ ಅವತ್ತು ಯೋಳಿದ್ದು, ನಮ್ಮೋರ ಹಳೇ ಪುಸ್ತಕದಲ್ಲಿ ಎಲ್ಲಾ ಅದೆ, ನಾನೇ ಓದಿವ್ನಿ ಅಂತ.”

ಆವತ್ತು ಬಾಯಿ ಬರಲಿಲ್ಲ. ಊರಿಗೆ ಹೋದಾಗಲೆಲ್ಲ ಹೇಳಬೇಕೆಂದುಕೊಂಡು ಸುಮ್ಮನೆ ಬರುತ್ತಿದ್ದೆ. ಆ ಎರಡು ಉಪನ್ಯಾಸಗಳಾದ ಮುಂದಿನ ಭಾನುವಾರ ಹೋಗಿ, ಜಗಲಿಯ ಮೇಲೆ ಕೂತು ಹೇಳಿದೆ. ಆ ಸಂದೇಶ ಸುಳ್ಳೆಂದು ಗೊತ್ತಿದ್ದೇ ಕಳಿಸಿದೆ, ನೀವು ಸೂಜಿ ಹಾಕಿಸಿಕೊಳ್ಳಲಿ ಅಂತ ಎಂದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: “ಅಂಗಾದ್ರೆ ಸೂಜಿನೂ ಸುಳ್ಳಾ?”

ಒಳ್ಳೆಯದಕ್ಕೆಂದು ಹೇಳಿದ ಸುಳ್ಳಿನ ಬೆಲೆ ನನಗೆ ಅರ್ಥವಾದದ್ದು ಆಗ. ಸುಳ್ಳಿನ ಊರುಗೋಲು ಕೊಟ್ಟು ನಿಲ್ಲಿಸಿದ ನಿಜ, ಊರುಗೋಲು ಕಿತ್ತರೆ ತಾನೂ ಬೀಳುತ್ತದೆ. ಎಲ್ಲಿಸ್‌ಗೆ ಇದನ್ನು ನೋಡುವ ಸಂದರ್ಭ ಬರಲಿಲ್ಲ, ಅವನು 1819ರ ಮಾರ್ಚಿನಲ್ಲೇ ತೀರಿಕೊಂಡ. ನಾನು ನೋಡಿದೆ.

ಸಂಜೆಯವರೆಗೂ ಕೂತು ಮಾವನಿಗೆ ಎಲ್ಲ ಹೇಳಿದೆ. ಜೆನ್ನರ್, ತೋಳು ತೋರಿಸುವ ನಮ್ಮ ರಾಣಿ, ಹುಬ್ಬಳ್ಳಿಯ ಪಟ್ಟಿ. ಮುಲ್ಕೋವಾಲಿನ ಕಥೆ ಹೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಅದನ್ನೂ ಹೇಳಿದೆ. ಮಾವ ಎದ್ದು ಕೂತರು.

“ಸತ್ತೋರ್‍ದೂ ಬರ್ದಿಟ್ಟವ್ರಾ?”

“ಹೂಂ ಮಾವ. ಬಾಟ್ಲಿ ನಂಬರ್ ಸಮೇತ.”

“ಅಂಗಾದ್ರೆ ಪರ್ವಾಗಿಲ್ಲ ಬುಡು.”

2021ರ ಆ ಸಂದೇಶ ಇನ್ನೂ ಇತ್ತು. ಅದನ್ನು ಅಳಿಸುವ ಅವಧಿ ಎಂದೋ ಮುಗಿದಿತ್ತು. ಅಳಿಸಲು ಸಾಧ್ಯವಿದ್ದರೂ ಅಳಿಸುತ್ತಿರಲಿಲ್ಲ. ಅದನ್ನು ಕುಟುಂಬದ ಗುಂಪಿಗೆ ಮತ್ತೆ ಹಾಕಿ, ಕೆಳಗೆ ಬರೆದೆ: ಇದು ನಿಜವಲ್ಲ, ನಿಜವಲ್ಲವೆಂದು ಗೊತ್ತಿದ್ದೂ ಮಾವನಿಗೆ ಕಳಿಸಿದವಳು ನಾನು. ಅದರ ಕೆಳಗೆ ನನ್ನ ಹೆಸರು, ಅವತ್ತಿನ ತಾರೀಕು.